ನೇರಳೆ ಮದುಮಗಳು

ಸಿದ್ದಾಪುರದ ವೆಂಕಟ್ರಮಣ ಹೆಗಡೆಯವರ ಮನೆಗೆ ಕಂಪ್ಯೂಟರ್ ಬಂದದ್ದು ದುಡ್ಡಿನಿಂದಲ್ಲ, ತ್ಯಾಗದಿಂದ. ದುಡ್ಡು ಅವರದೇ. ಆದರೆ ಅದನ್ನು ಖರ್ಚು ಮಾಡುವ ಅಧಿಕಾರ ಪತ್ನಿ ಪರಿಮಳಾ ಅವರದು. (ಇದು ನಮ್ಮ ಸೀಮೆಯ ಅಲಿಖಿತ ಸಂವಿಧಾನ.)

"ಕವಳಕ್ಕೆ ತಂಬಾಕು ಹಾಕದು ಬಿಟ್ರೆ ಕಂಪ್ಯೂಟರ್ ತನ್ನಿ, ಅಡ್ಡಿಲ್ಲೆ" ಎಂದಿದ್ದರು ಪರಿಮಳಾ. "ಮತ್ತೆ ತಂಬಾಕು ಮುಟ್ಟಿದ್ದು ಕಂಡ ದಿನ ಅದು ಸೀದಾ ಸುಜಯನ ಮನೆಗೆ ಹೋಗ್ತು."

ಸುಜಯ ಪರಿಮಳಾ ಅವರ ತಮ್ಮ. ಶಿರಸಿಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಾನೆ. ಅವನ ಮನೆಯಲ್ಲಿ ಕಂಪ್ಯೂಟರುಗಳು ಬೆಕ್ಕಿನ ಮರಿಗಳಂತೆ ಕಾಲಿಗೆ ಸಿಗುತ್ತವೆ. ಅಂಥವನಿಗೆ ಇನ್ನೊಂದು ಕೊಡುವುದೆಂದರೆ ಹೆಗಡೆಯವರಿಗೆ ಹೊಟ್ಟೆ ಉರಿಯದೆ ಇದ್ದೀತೆ? ಅವರು ಮಾರಿಕಾಂಬೆಯ ಪಟ ಮುಟ್ಟಿ ಆಣೆ ಹಾಕಿಯೇಬಿಟ್ಟರು. ಆ ಹೊತ್ತಿಗೆ ಬಾಯಲ್ಲಿ ಎಲೆಯಡಿಕೆಯ ಕವಳ ಇದ್ದುದರಿಂದ ಮಾತು ಅಷ್ಟು ಸ್ಪಷ್ಟವಾಗಿರಲಿಲ್ಲ. ದೇವಿಗೆ ಸರಿಯಾಗಿ ಕೇಳಿಸಿರಲಿಕ್ಕಿಲ್ಲ ಎಂಬುದೇ ಮುಂದೆ ಅವರಿಗೆ ಧೈರ್ಯವಾಯಿತು.

ಇತಿಹಾಸದ ಮೇಷ್ಟರಾಗಿ ನಿವೃತ್ತರಾದ ಹೆಗಡೆಯವರು ಕಂಪ್ಯೂಟರ್ ತಂದದ್ದು, ಕದಂಬರ ಕಾಲದಿಂದ ಇಲ್ಲಿಯವರೆಗಿನ ತಮ್ಮ ವಂಶಾವಳಿಯನ್ನು ಬರೆದು ಲೋಕಕ್ಕೆ ಉಪಕಾರ ಮಾಡುವುದಕ್ಕೆ. ಒಂದು ಇಡೀ ಬೇಸಿಗೆಯ ಘೋರ ಪರಿಶ್ರಮದಲ್ಲಿ ಗ್ರಂಥವು 'ಶ್ರೀ ಗಣೇಶಾಯ ನಮಃ' ಎಂಬಲ್ಲಿಗೆ ಬಂದು ಮುಟ್ಟಿತು. ಅಷ್ಟರಲ್ಲಿ ಯಂತ್ರದೊಳಗೆ ಇಸ್ಪೀಟು ಇರುವುದು ಗೊತ್ತಾಗಿ, ಕದಂಬರು ಅಲ್ಲಿಯೇ ಉಳಿದರು.

ತಂಬಾಕು ಬಿಡುವ ವಿಷಯಕ್ಕೆ ಬರೋಣ. ಬಿಟ್ಟರು, ನಿಜ. ಬೆಳಿಗ್ಗೆ ತಿಂಡಿಯಾಗುವ ತನಕ. ಆಮೇಲೆ ಹುಟ್ಟಿದ ಪ್ರಶ್ನೆ, ಡಬ್ಬಿ ಇಡುವುದೆಲ್ಲಿ? ಪರಿಮಳಾ ಅವರ ಪೊರಕೆ ಹೋಗದ ಜಾಗ ಆ ಮನೆಯಲ್ಲಿ ಒಂದೇ, ಕಂಪ್ಯೂಟರಿನ ಹಿಂಬದಿ. "ಅದರ ಹಿಂದೆ ಕೈ ಹಾಕಡ, ಕರೆಂಟು ಹೊಡಿತು" ಎಂದು ಹೆಗಡೆಯವರೇ ಮೊದಲ ದಿನ ಹೆದರಿಸಿ ಇಟ್ಟಿದ್ದರು. ಕಂಪ್ಯೂಟರಿನ ಕಬ್ಬಿಣದ ಪೆಟ್ಟಿಗೆ ಅಡ್ಡ ಮಲಗಿತ್ತು; ಅದರ ಬೆನ್ನ ಮೇಲೆ ಟೀವಿಯಂಥ ಮಾನಿಟರ್ ಕೂತಿತ್ತು. ಹೆಗಡೆಯವರು ಹಳೇ ರೇಡಿಯೋದ ಸ್ಪೀಕರ್ ಬಿಚ್ಚಿ ದೋಸೆಯಷ್ಟು ದೊಡ್ಡ ಅಯಸ್ಕಾಂತ ತೆಗೆದು, ತಂಬಾಕಿನ ಡಬ್ಬಿಗೆ ಅಂಟಿಸಿ, ಆ ಡಬ್ಬಿಯನ್ನು ಪೆಟ್ಟಿಗೆಯ ಹಿಂಬದಿಗೆ ಠಕ್ಕನೆ ಕಚ್ಚಿಸಿಬಿಟ್ಟರು. ಅದೂ ಎಲ್ಲಿ? ಒಳಗಿನ ಬಿಸಿಗಾಳಿ ಹೊರಬರುವ ಕಿಂಡಿಯ ಮೇಲೆಯೇ. ಮಳೆಗಾಲದಲ್ಲಿ ತಂಬಾಕು ಮೆತ್ತಗಾಗಬಾರದಲ್ಲ! ಈ ಆವಿಷ್ಕಾರವನ್ನು ಯಾರಿಗೂ ಹೇಳುವಂತಿಲ್ಲವಲ್ಲ ಎಂಬುದೊಂದೇ ಅವರ ವಿಜ್ಞಾನಿ ಹೃದಯಕ್ಕಿದ್ದ ಕೊರಗು.

ಮರುದಿನವೇ ಪರದೆಯ ಕೆಳಗಿನ ಬಲಮೂಲೆಯಲ್ಲಿ ನೇರಳೆ ಬಣ್ಣದ ಕಲೆಯೊಂದು ಎದ್ದಿತು. ಸಂಜೆಗೆ ಅದರ ಅಂಚು ಹಸಿರಾಯಿತು. ಅದೇ ವಾರ ಕಂಪ್ಯೂಟರ್ ನಡುನಡುವೆ ನಿಲ್ಲತೊಡಗಿತು. ಬಾಣದ ಗುರುತು ಅಲ್ಲಾಡುವುದಿಲ್ಲ, ಕೀಲಿ ಒತ್ತಿದರೆ ಕೇಳುವುದಿಲ್ಲ. ಸರಕಾರಿ ಕಚೇರಿಯ ಊಟದ ಹೊತ್ತಿನಂತೆ, ಎಲ್ಲ ಇದೆ, ಏನೂ ಇಲ್ಲ.

"ನೀನು ಮೊಸರಿನ ಪಾತ್ರೆ ಇದರ ಮೇಲೆ ಇಟ್ಟಿದ್ದಕ್ಕೇ ಹಿಂಗಾಜು" ಎಂದು ಹೆಗಡೆಯವರು ತಕ್ಷಣ ರೋಗನಿದಾನ ಮಾಡಿದರು.

"ಥಂಡಿಗೆ ಹೆಪ್ಪಾಗ್ತಿಲ್ಲೆ ಹೇಳಿ ಒಂದಿನ ಇಟ್ಟಿದ್ದಪ. ಮೊಸರೇನು ನೇರಳೆ ಬಣ್ಣ ಇರ್ತಾ?"

"ಇದು ಸೂಕ್ಷ್ಮ ಯಂತ್ರ ಮಾರಾಯ್ತಿ. ನಿಂಗೆ ತಿಳೀತಿಲ್ಲೆ."

"ತಿಳೀತಿಲ್ಲೆ, ಖರೆ. ನಿಂಗಕ್ಕೆ ತಿಳಿದ ಮೇಲೇ ಅಲ್ದ ಅದು ಹಾಳಾಗಿದ್ದು?"

ಹೆಗಡೆಯವರು ಚಿಕಿತ್ಸೆಗೆ ಇಳಿದರು. ಮೇಜನ್ನು ನೈಋತ್ಯದಿಂದ ಈಶಾನ್ಯಕ್ಕೆ ತಿರುಗಿಸಿದರು. ತಿರುಗಿಸುವಾಗ ಡಬ್ಬಿಯನ್ನು ಕಿಸೆಗೆ ಹಾಕಿಕೊಂಡರು. ಕಲೆ ಮಾಯ! ವಾಸ್ತುಶಾಸ್ತ್ರದ ಮೇಲೆ ಅರ್ಧ ಗಂಟೆ ಉಪನ್ಯಾಸವಾಯಿತು. ಉಪನ್ಯಾಸ ಮುಗಿಸಿ "ವಯರ್ ಸಡಿಲ ಇದ್ದು ಕಾಣ್ತು" ಎಂದು ಹಿಂದೆ ಬಗ್ಗಿ ಡಬ್ಬಿ ಕಚ್ಚಿಸಿದರು. ಕಲೆ ಹಾಜರ್. ಹೆಗಡೆಯವರು ವಾಸ್ತುಶಾಸ್ತ್ರವನ್ನೇ ಬೈದರು.

ಅಷ್ಟರಲ್ಲಿ ಪರಿಮಳಾ ಅವರ ಅಕ್ಕ ಜಯಾ ಅವರ ಮಗಳ ಮದುವೆ ಬಂತು, ಯಲ್ಲಾಪುರದ ಆಚೆ ಇಡಗುಂದಿಯಲ್ಲಿ. ಚಪ್ಪರದ ಕೆಲಸಕ್ಕೆಂದು ಹೆಗಡೆಯವರು ಮುಂಚಿತವಾಗಿ ಹೋದರು. ಡಬ್ಬಿಯೂ ಜೊತೆಗೆ ಹೋಯಿತು. ಮದುವೆ ಮುಗಿಸಿ ಬಂದ ಮೇಲೆ ಪರಿಮಳಾ ವರದಿ ಕೊಟ್ಟರು.

"ನಿಂಗ ಇಲ್ಲದೇ ಇದ್ದಾಗ ಕಂಪ್ಯೂಟರ್ ಒಂದ್ಸಲನೂ ನಿಂತಿದ್ದಿಲ್ಲೆ. ಬಣ್ಣನೂ ಚೊಲೋ ಇತ್ತು. ನಿಂಗಳ ಮೋರೆ ಕಂಡ್ರೇ ಅದಕ್ಕೆ ಆಗ್ತಿಲ್ಲೆ ಹೇಳಿ ಕಾಣ್ತು."

ಮೂವತ್ತು ವರ್ಷ ಮಕ್ಕಳನ್ನು ಹೆದರಿಸಿದ ಮೋರೆ ಅದು. ಯಂತ್ರವೂ ಹೆದರಿತೆಂದರೆ ಹೆಮ್ಮೆ ಪಡಬೇಕೋ ಬೇಸರ ಪಡಬೇಕೋ ತಿಳಿಯದೆ ಹೆಗಡೆಯವರು ವಯರ್ ಬಿಗಿ ಮಾಡಲು ಹಿಂದೆ ಬಗ್ಗಿದರು.

ಮದುವೆಯ ಸೀಡಿ ತಯಾರಾಗಿ ಬಂದ ದಿನ ಜಯಕ್ಕ ಇಡಗುಂದಿಯಿಂದ ಸ್ವತಃ ಅದನ್ನು ತಂದರು. ಕೇರಿಯ ಹೆಂಗಸರು ಚಾಪೆ ಹಾಸಿ ಕೂತರು. ಸೀಡಿ ಶುರುವಾಯಿತು. ಮದುಮಗಳು ಮಂಟಪಕ್ಕೆ ಬಂದಳು, ಬಲಬದಿಗೆ ನಿಂತಳು, ಸೊಂಟದಿಂದ ಕೆಳಗೆ ನೇರಳೆಯಾದಳು.

"ಆನು ತಂದಿದ್ದು ಕೆಂಪು ಸೀರೆ" ಎಂದರು ಜಯಕ್ಕ ತಣ್ಣಗೆ.

ಧಾರೆ ಎರೆಯುವ ಹೊತ್ತಿಗೆ ಎಲ್ಲ ನಿಂತಿತು. ಚೆಂಬಿನಿಂದ ಇಳಿದ ನೀರು ನಡುಗಾಳಿಯಲ್ಲಿ ನೇತಾಡಿತು. ಪುರೋಹಿತರು ತೆರೆದ ಬಾಯಿ ಮುಚ್ಚಲಿಲ್ಲ.

"ಮದುವೆ ಆತ, ಇಲ್ಯ ಈಗ?" ಎಂದು ಚಾಪೆಯ ಮೇಲಿಂದ ಯಾರೋ ಕೇಳಿದರು.

ಪರಿಮಳಾ ಫೋನು ಮಾಡಿದರು. ಮಧ್ಯಾಹ್ನದ ಬಸ್ಸಿಗೆ ಸುಜಯ ಬಂದಿಳಿದ. ಪರದೆ ನೋಡಿದ, ಪೆಟ್ಟಿಗೆಯ ಮೇಲೆ ಕೈಯಿಟ್ಟ, ಸುಟ್ಟವನಂತೆ ತೆಗೆದ.

"ಅಕ್ಕ, ಇದರ ಮೇಲೆ ದೋಸೆ ಎರಿಲಕ್ಕು. ಹಿಂದಿನ ಗಾಳಿ ಕಿಂಡಿಗೆ ಎಂತೋ ಅಡ್ಡ ಬಂಜು, ಅದ್ಕೇ ಕಾದು ನಿಲ್ತು. ಮತ್ತೆ ಈ ಬಣ್ಣ ಕದಡದು ಹತ್ರ ಅಯಸ್ಕಾಂತ ಇದ್ರೆ ಮಾತ್ರ. ತಿರುಗಿಸು ನೋಡನ."

ಹೆಗಡೆಯವರ ತಲೆಯೊಳಗೆ ಜ್ಞಾನೋದಯವೂ ಭೂಕಂಪವೂ ಒಟ್ಟಿಗೇ ಆದವು.

"ನೀ ಸುಮ್ನಿರು ಸುಜಯ, ಈಗ ಬಸ್ಸಿಳಿದು ಬಂದವ. ಮೊದ್ಲು ಆಸರಿ ಕುಡಿ. ವಯರ್ ಅಷ್ಟೇ, ಆನು ನೋಡ್ತೆ" ಎಂದವರೇ ಹಿಂದೆ ಬಗ್ಗಿ, ಡಬ್ಬಿ ಕಿತ್ತು, ಪಂಚೆಯ ಮಡಿಕೆಯಲ್ಲಿ ಅಡಗಿಸಿ, ಹಿತ್ತಿಲಿಗೆ ಹೋಗಿ ಬಚ್ಚಲ ಒಲೆಯ ಬೂದಿಯಲ್ಲಿ ಹೂತು ಬಂದರು. ತಂಬಾಕು ಹೋದರೆ ಹೋಗಲಿ, ಕಂಪ್ಯೂಟರ್ ಉಳಿಯಿತು.

ಸುಜಯ ಹಿಂಬದಿ ನೋಡಿದ, ಏನೂ ಸಿಗಲಿಲ್ಲ. ತಣಿದ ಮೇಲೆ ಮತ್ತೆ ಚಾಲೂ ಮಾಡಿದರೆ ಪರದೆ ತೊಳೆದಿಟ್ಟ ಕನ್ನಡಿಯಂತೆ ಹೊಳೆಯಿತು.

"ಕಂಡಿದ್ಯ? ವಯರ್ ಬಿಗಿ ಮಾಡಿದ್ದು ಆನು" ಎಂದು ಹೆಗಡೆಯವರು ಆರಾಮ ಕುರ್ಚಿಯಲ್ಲಿ ಸಾಮ್ರಾಟನಂತೆ ಕೂತರು. "ಕ್ಲಾಸು ನಡೆಸದು ಬೇರೆ, ಅನುಭವ ಬೇರೆ."

ಸೀಡಿ ಮುಂದುವರಿಯಿತು. ಧಾರೆ ಮುಗಿಯಿತು. ಸೀರೆ ಕೆಂಪಾಗಿತ್ತು. ಜಯಕ್ಕ ಕಣ್ಣೊರೆಸಿಕೊಂಡರು. ಊಟದ ಪಂಕ್ತಿ ಬಂತು. ಜಿಲೇಬಿ ಬಂತು. ಕ್ಯಾಮರಾ ಚಪ್ಪರದ ಉದ್ದಕ್ಕೂ ನಿಧಾನವಾಗಿ ತಿರುಗುತ್ತ, ಅದರ ಹಿಂಬದಿಯ ಬಾಳೆಗೊನೆಗಳ ಹತ್ತಿರ ಬಂತು.

ಅಲ್ಲಿ, ಪರದೆಯ ಕೆಳಗಿನ ಬಲಮೂಲೆಯಲ್ಲಿ, ಇಷ್ಟು ದಿನ ನೇರಳೆ ಬಣ್ಣ ಕಾಪಾಡಿಕೊಂಡು ಬಂದಿದ್ದ ಅದೇ ಮೂಲೆಯಲ್ಲಿ, ಜರಿಶಾಲು ಹೊದ್ದ ವ್ಯಕ್ತಿಯೊಬ್ಬರು ಅತ್ತಿತ್ತ ನೋಡಿ, ದುಂಡು ಅಯಸ್ಕಾಂತ ಅಂಟಿಸಿದ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದರು.

ನಿಲ್ಲು, ನಿಂತುಬಿಡು ತಾಯೀ, ಎಂದು ಹೆಗಡೆಯವರು ಮನಸ್ಸಿನಲ್ಲೇ ಕಂಪ್ಯೂಟರಿಗೂ ಮಾರಿಕಾಂಬೆಗೂ ಒಟ್ಟಿಗೆ ಕೈಮುಗಿದರು. ಅದು ನಿಲ್ಲಲಿಲ್ಲ. ವ್ಯಕ್ತಿ ಅಂಗೈಗೆ ತಂಬಾಕು ಸುರಿದು, ಸುಣ್ಣ ಹಚ್ಚಿ, ತಿಕ್ಕಿ, ಪರಮಾನಂದದಿಂದ ಬಾಯಿಗೆಸೆದರು.

ಚಾಪೆಯ ಮೇಲಿನ ತಲೆಗಳೆಲ್ಲ ಒಟ್ಟಿಗೇ ಆರಾಮ ಕುರ್ಚಿಯತ್ತ ತಿರುಗಿದವು.

"ಸುಜಯ" ಎಂದರು ಪರಿಮಳಾ. "ಸ್ವಲ್ಪ ಹಿಂದೆ ತಗಂಡು ಹೋಗು. ಹಾಂ. ಅಲ್ಲೇ ನಿಲ್ಸು."

ಕಂಪ್ಯೂಟರ್ ಈಗ ನಿಂತಿತು.

"ಶಿರಸಿಗೆ ಒಯ್ಯಲೆ ಗಾಡಿ ಹೇಳವ, ಬಸ್ಸಿನ ಮೇಲೆ ಹಾಕಿದ್ರೆ ಆಗ್ತ?" ಎಂದು ಅವರು ತಮ್ಮನನ್ನು ಕೇಳಿದರು. ಪರದೆಯ ಮೇಲೆ ಹೆಗಡೆಯವರು ಬಾಯಿ ತೆರೆದೇ ಇದ್ದರು. ಬಣ್ಣ ಬಹಳ ಚೊಲೋ ಬಂದಿತ್ತು.