ಬಂಗಾರದ ಮೀನಿಗಿ ಫರ್ಶಿಕಲ್ಲಿನ ಮನಿ

ನಂಬಂಗಿಲ್ಲ ನೋಡ್ರಿ, ಈಗ ಆಗಿದ್ದು! ಕೂಡ್ರಿ, ಮೊದಲಿಂದ ಹೇಳ್ತೀನಿ. ಝಹೀರಾಬಾದ ಬಸ್‌ಸ್ಟ್ಯಾಂಡ್ ಬಾಜೂಕ ಬಣ್ಣದ ಮೀನಿನ ಅಂಗಡ್ಯಾಗ ಕೆಲಸ ಮಾಡ್ತೀನಿ ನಾ. ಮೀನಿಗಿ ಹೇಳಾಕ ಬಾಯಿ ಇಲ್ಲ, ಅದಕ್ಕೇ ಅದನ್ನ ಸಾಕಿದವರು ದಿನಾ ಏನರ ಒಂದು ಮಾಡಕೊಂಡೇ ಬರ್ತಾರ. ಆದ್ರ ಅವರ ಉಪಕಾರ ನಾ ಮರೆಯಂಗಿಲ್ಲ.

೧. ಹತ್ತು ಹನಿ

ನಾರಾಯಣಖೇಡದ ಒಬ್ಬ ಮಾಸ್ತರ್ ಬಂದ್ರು. "ಮೀನಿನ ಬಾಲದ ಮ್ಯಾಲ ಬಿಳೀ ಹತ್ತಿಯಂಗ ಬಂದದಪಾ."

"ಫಂಗಸ್ ರೀ ಸರ್." ನೀಲಿ ಔಷಧ ಕೊಟ್ಟೆ. ಹತ್ತೇ ಹನಿ ಅಂತ ಮೂರು ಸಲ ಹೇಳ್ದೆ.

ಮರುದಿನ ಮುಂಜಾನಿ ಮಾಸ್ತರ್ ಫೋನು. "ಹತ್ತು ಹನಿಗಿ ಎಲ್ಲಿ ರೋಗ ಹೋಗ್ತದಂತ ಪೂರಾ ಬಾಟ್ಲಿ ಸುರುವಿದೆ."

ನಾ ಕೇಳ್ದೆ: "ಹತ್ತಿ ಹೋತೇನ್ರಿ?"

"ಹತ್ತಿ ಕಾಣವಲ್ದು."

"ಮೀನು?"

"ಅದೂ ಕಾಣವಲ್ದು!"

ನೀಲಿ ಆದ ನೀರು ಬದಲಿಸಿ ಮೀನು ಉಳಿಸಿದ್ವಿ ಅನ್ರಿ. ಮುಂದಿನ ವಾರ ಮಾಸ್ತರ್ ತಾವೇ ಒಂದು ಸಿರಿಂಜಿಗಿ ಹತ್ತು ಹನಿಯ ಗೆರಿ ಹಾಕಿ ತಂದುಕೊಟ್ರು. "ನನ್ನಂಥಾ ಶಾಣ್ಯಾರಿಗಿ ಅಳದು ಕೊಡು!"

೨. ತಾಂಡೂರಿನ ಬಂಗ್ಲೆ

ತಾಂಡೂರಿನ ಒಬ್ಬ ಅಕ್ಕ ವಾರಾ ವಾರಾ ನೀರು ಬದಲಿಸಿದ್ರೂ ಅವರ ಏಂಜಲ್ ಮೀನು ಮಂಕಾಗೇ ಇದ್ವು. ಆ ಮೀನಿಗಿ ನೀರು ತುಸು ಹುಳಿ, ಆಮ್ಲ ಅಂತಾರಲ್ಲ ಅದು, ಇರಬೇಕ್ರಿ. ಅವರು ತಂದ ನೀರಾಗ ಹುಳಿ ನೋಡೋ ಕಾಗದ ಅದ್ದಿದ್ರ ಹುಳೀನೇ ಇಲ್ಲ! ಮನಿಗೇ ಹೋಗಿ ನೋಡ್ತೀನಿ, ತೊಟ್ಟಿ ಒಳಗ ನೆಲಕ್ಕ ಹಾಸೋ ಫರ್ಶಿಕಲ್ಲಿನ ಬಂಗ್ಲೆ! ಬಾಗಿಲು, ಮೆಟ್ಟಲು, ಕೂಡಾಕ ಕಟ್ಟಿ ಸುದ್ದಾ. ಅಕ್ಕನ ಗಂಡ ಕಲ್ಲು ಪಾಲಿಶ್ ಮಾಡೋರು, ಅವರೇ ಕಟ್ಟಿದ್ದು.

"ನಮಗ ಫರ್ಶಿ ಮನಿ, ಮೀನಿಗಿ ಪ್ಲಾಸ್ಟಿಕ್ಕಾ?" ಅಂದ್ರು ಅಣ್ಣ.

"ಅಣ್ಣಾ, ಇದು ಸುಣ್ಣದ ಕಲ್ಲು. ಕರಗಿ ಕರಗಿ ನೀರಿನ ಹುಳಿ ತಿಂತದ."

"ಹುಟ್ಟಿದಾಗಿಂದ ಇದೇ ಕಲ್ಲಿನ ಮ್ಯಾಲ ಮಲಗೀನಿ, ನನಗೇನಾಗ್ಯದ?"

ಅಕ್ಕ ಚಾ ಸೋಸ್ಕೋತ ಅಂದ್ರು: "ಆಗ್ಯದ. ನಿಮಗ ಗೊತ್ತಾಗಿಲ್ಲ ಅಷ್ಟೇ."

ಬಂಗ್ಲೆ ಹೊರಗ ತಗದ್ವಿ, ಮೀನು ಸುಧಾರಿಸಿದ್ವು. ಆ ಬಂಗ್ಲೆ ನನಗೇ ಬಳುವಳಿ ಕೊಟ್ರು.

೩. ಮಾಲಕರ ಮೀನು

ನಮ್ಮ ಅಂಗಡಿ ಮಾಲಕರು ಹದಿನೈದು ದಿನ ಮಗಳ ಮನಿಗಿ ಹೋದ್ರು. ಹೋಗೋ ಮುಂದ ತಮ್ಮ ಜೀವದಂಥಾ ಗೋಲ್ಡ್‌ಫಿಶ್ ತೋರಿಸಿದ್ರು. "ಇದಕ್ಕ ನಾ ಕುಡಿಯೋ ಫಿಲ್ಟರ್ ನೀರೇ ಹಾಕ್ಬೇಕು. ಏನರ ಆತಂದ್ರ ನೀ ಅಂಗಡಿ ಕಡಿ ಬರಬ್ಯಾಡ!"

ಮೂರನೇ ದಿನ ಬಾಲಕ್ಕ ಬಿಳೀ ಹತ್ತಿ! ನೀರಾಗ ಕಾಗದ ಅದ್ದಿ ನೋಡ್ದೆ, ವಿಪರೀತ ಹುಳಿ. ಫಿಲ್ಟರ್ ನೀರಾಗ ಹುಳಿ ತಡಿಯೋ ಸುಣ್ಣದ ಅಂಶ ಇರಂಗಿಲ್ಲಲ್ರಿ! ದಿನಾ ತುಸು ತುಸು ಬೋರಿನ ನೀರು ಬೆರೆಸಿದೆ. ಮಾಸ್ತರ್ ಸಿರಿಂಜಿಲೆ ಅಳದು ಔಷಧ ಹಾಕಿದೆ. ತಾಂಡೂರಿನ ಬಂಗ್ಲೆ ಒಳಗ ಇಳಿಸಿದೆ. ಏಂಜಲ್‌ಗಿ ಆಗದ ಕಲ್ಲು ಈ ಮೀನಿಗಿ ಔಷಧ ಆತು ನೋಡ್ರಿ! ಹತ್ತಿ ಉದುರಿತು. ಸಿರಿಂಜಿಗೂ ಕೈ ಮುಗಿದೆ, ಕಲ್ಲಿಗೂ ಮುಗಿದೆ.

ಈಗ ಮಾಲಕರು ಬಂದ್ರು. ಮೀನು ಬಂಗ್ಲೆ ಬಾಗಿಲಾಗಿಂದ ಸೇಠನಂಗ ಹೊರಗ ಬಂತು. ಅವರ ಕಣ್ಣಾಗ ನೀರು!

"ನೋಡಿದಿ? ಫಿಲ್ಟರ್ ನೀರಿನ ತಾಕತ್ತು!" ಅಂತ ಅದೇ ನೀರು ದೊಡ್ಡ ಜಗ್ಗು ತುಂಬಿ ತೊಟ್ಟಿಗಿ ಸುರುವಾಕ ಎತ್ತಿದ್ರು. ಖರೇ ಹೇಳಿದ್ರ ನೌಕರಿ ಹೋಗ್ತದ, ಸುಮ್ಮನಿದ್ರ ಮೀನು ಹೋಗ್ತದ. ಜಗ್ಗು ಕಸಕೊಂಡೆ, ಗಟಗಟ ಪೂರಾ ಕುಡದಬಿಟ್ಟೆ!

"ಬಾಳ ನೀರಡಿಕಿ ಆಗಿತ್ರಿ."

ಮಾಲಕರು ನನ್ನ ಬೆನ್ನು ಸವರಿದ್ರು. "ಪಾಪ, ಮೀನಿನ ಸೇವಾದಾಗ ನೀರು ಸುದ್ದಾ ಕುಡದಿಲ್ಲ ನೋಡು. ತಡಿ, ಕ್ಯಾನೇ ತರ್ತೀನಿ. ನೀನೂ ಕುಡಿ, ಅದೂ ಕುಡೀಲಿ!"

ತರಾಕ ಹೋಗ್ಯಾರ. ನನ್ನ ಹೊಟ್ಟ್ಯಾಗ ಇನ್ನ ಜಾಗಾ ಇಲ್ರಿ. ನೀವಿದ್ರ ಏನ್ ಮಾಡ್ತಿದ್ರಿ?