ಈಶನ ಪರಿಚಯದ ಸಾಮಾನುಗಳು

ಕಾಶಿಯ ಕೇದಾರ ಘಾಟಿನ ಹಿಂದಿನ ಗಲ್ಲಿಯಲ್ಲಿರುವ ಕನ್ನಡಿಗರ ಛತ್ರದಲ್ಲಿ ಮುಕ್ತಿಗಾಗಿ ಬಂದು ನೆಲೆಸುವವರು ಹನ್ನೆರಡು ವರ್ಷಗಳೊಳಗಾಗಿ ಸದರಿ ಮುಕ್ತಿಯನ್ನು ಹೊಂದತಕ್ಕದ್ದು. ತಪ್ಪಿದಲ್ಲಿ ಕೋಣೆ ತೆರವು ಮಾಡತಕ್ಕದ್ದು. ಕಾಯುವವರ ಪಟ್ಟಿ ಉದ್ದವಿದ್ದುದರಿಂದ ಈ ನಿಯಮವನ್ನು ಯಾರೂ ಅನ್ಯಾಯವೆಂದು ಭಾವಿಸಿರಲಿಲ್ಲ.

ಅರಸೀಕೆರೆ ಕಡೆಯ ನಂಜಮ್ಮನಿಗೆ ಎಂಬತ್ತೊಂದು ವರ್ಷ. ಅವಧಿ ಮುಗಿಯಲು ಹತ್ತೇ ದಿನ ಉಳಿದಿದ್ದರೂ ಆಕೆಗೆ ಒಂದು ನೆಗಡಿಯೂ ಬಂದಿರಲಿಲ್ಲ. ಬೆಳಗಾದರೆ ಘಾಟಿನ ಅಷ್ಟೂ ಮೆಟ್ಟಿಲಿಳಿದು ಮಿಂದು, ಹತ್ತಿ ಬಂದು, ಎರಡು ಸಲ ಅವಲಕ್ಕಿ ಹಾಕಿಸಿಕೊಳ್ಳುತ್ತಿದ್ದಳು. ವ್ಯವಸ್ಥಾಪಕ ವೀರಭದ್ರಯ್ಯನವರು ನೋಟೀಸು ಕೊಟ್ಟರು: “ತಾವು ಈ ದಿಸೆಯಲ್ಲಿ ಯಾವುದೇ ಪ್ರಗತಿ ತೋರಿಸದಿರುವುದು ವಿಷಾದನೀಯ.”

ಓದಿಸಿ ಕೇಳಿದ ನಂಜಮ್ಮನಿಗೆ ನಾಚಿಕೆಯಾಯಿತು. ಊರಿನಲ್ಲಿ ಆಕೆಯ ಗುರುತು ಹಿಡಿಯುವವರೇ ಈಗಿಲ್ಲ. ಅದಕ್ಕಿಂತ ಹೆಚ್ಚಿನ ಸಂಕಟ ಈಶನದು. ಕೋತಿ ಕಿತ್ತೆಸೆದ ಗೂಡಿನಿಂದ ಬಿದ್ದ ಆ ಗಿಳಿಮರಿಯನ್ನು ಬೆರಳಲ್ಲಿ ಹಿಟ್ಟು ಹಾಕಿ ಸಾಕಿದವಳು ಆಕೆ. ಆದರೆ ಗಿಳಿ ಛತ್ರದ ಸ್ವತ್ತೆಂದು ದಾಸ್ತಾನು ಪುಸ್ತಕ ಸೇರಿತ್ತು. ಜೊತೆಗೆ ಒಯ್ಯುವಂತಿರಲಿಲ್ಲ.

ಅದೇ ವಾರ ದಾವಣಗೆರೆಯ ದಾನಿಯೊಬ್ಬರು ಈಶನಿಗೆ ಹಿತ್ತಾಳೆಯ ಹೊಸ ಪಂಜರ ಕಳಿಸಿದರು. ಗೋಪುರವಿತ್ತು, ಬಾಲ್ಕನಿಯಿತ್ತು, ದಾನಿಯ ಹೆಸರಿನ ಫಲಕವಿತ್ತು. ವಾರ ಬಿಟ್ಟು ಅವರೇ ಫೋಟೋ ತೆಗೆಸಿಕೊಳ್ಳಲು ಬರುವವರಿದ್ದರು.

ಈಶ ಒಳಗೆ ಹೋಗಲಿಲ್ಲ. ನೂಕಿದರೆ ಕಚ್ಚಿತು. ವೀರಭದ್ರಯ್ಯನವರು ಪಂಜರದೆದುರು ನಿಂತು “ಈ ಮೂಲಕ ತಿಳಿಯಪಡಿಸುವುದೇನೆಂದರೆ” ಎಂದು ಆದೇಶ ಓದಿದರು. ಗಿಳಿ ಆದೇಶದ ಮೂಲೆಯನ್ನು ತಿಂದಿತು.

ಕೊನೆಗೆ ಕಾಶಿಯದೇ ಲಂಕಾ ಬಡಾವಣೆಯಿಂದ ಡಾಕ್ಟರ್ ಶ್ಯಾಮಲಾ ಬಂದರು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಹಕ್ಕಿಗಳ ಮೇಲೆ ಸಂಶೋಧನೆ ಮಾಡುವ ಮೈಸೂರಿನಾಕೆ. ಸೋನಾರ್‌ಪುರದವರೆಗೆ ಇ-ರಿಕ್ಷಾ, ಆಮೇಲೆ ನಡಿಗೆ.

“ಹೊಸ ಜಾಗ ಅಲ್ವಾ, ಹೆದರಿದೆ. ಹಳೇ ಪಂಜರಾನ ಪಕ್ಕದಲ್ಲೇ ಇಡಿ. ಪರಿಚಯದ ಸಾಮಾನೆಲ್ಲ ಕಣ್ಣಿಗೆ ಬೀಳ್ತಾ ಇರ್ಲಿ. ಅವಸರ ಮಾಡ್ಬೇಡಿ.”

“ಯಾವ್ಯಾವ ಸಾಮಾನು ಅಂತ ಬರೆದು ಕೊಡಿ, ಮೇಡಂ. ಬಾಯಿಮಾತಿಗೆ ನಮ್ಮಲ್ಲಿ ಬೆಲೆಯಿಲ್ಲ.”

ಶ್ಯಾಮಲಾ ಬರೆದರು: ಹಳೆಯ ಕೋಲು, ತಗಡಿನ ಬಟ್ಟಲು, ಹೊದಿಸುವ ಸೀರೆ ತುಂಡು, ನಂಜಮ್ಮ.

ಪಟ್ಟಿ ಹಾಗೆಯೇ ದಾಸ್ತಾನು ಪುಸ್ತಕಕ್ಕೆ ಏರಿತು. “ನಂಜಮ್ಮ, ಒಂದು. ಸ್ಥಿತಿ: ಹಳತು, ಬಳಕೆಗೆ ಯೋಗ್ಯ.”

ನಂಜಮ್ಮ ಹೊಸ ಪಂಜರಕ್ಕೆ ಒರಗಿ ಕೂತು, ಸೀಬೆ ಹೋಳು ಹಿಡಿದು, ಊರಿನ ಸುದ್ದಿಯನ್ನೆಲ್ಲ ಹೇಳಿದಳು. ಮೂರನೇ ದಿನ ಈಶ ಒಂದು ಕಾಲಿಟ್ಟಿತು. ಐದನೇ ದಿನ ಬಾಲ್ಕನಿಗೆ ಬಂತು. ದಾನಿ ಬಂದರು, ಫೋಟೋ ಆಯಿತು, ಹೋದರು.

ಅವಧಿ ಮುಗಿದ ದಿನ ವೀರಭದ್ರಯ್ಯನವರು ಸ್ಟೇಷನ್ನಿಗೆ ಆಟೋ ತರಿಸಿದರು. ನಂಜಮ್ಮ ಗಂಟು ಹಿಡಿದು ಹೊಸಿಲು ದಾಟುವಷ್ಟರಲ್ಲಿ ಈಶ ಗಲ್ಲಿಯೇ ಕಿತ್ತುಹೋಗುವಂತೆ ಅರಚಿತು. ಗುಮಾಸ್ತ ಕಲ್ಲಪ್ಪ ದಾಸ್ತಾನು ಪುಸ್ತಕ ಹಿಡಿದು ಓಡಿಬಂದ.

“ಸ್ವಾಮೀ, ನಿಲ್ಸಿ! ಛತ್ರದ ಸಾಮಾನು ಹೊರಗೆ ಹೋಗ್ತಾ ಇದೆ!”

ವೀರಭದ್ರಯ್ಯನವರು ಕನ್ನಡಕ ಏರಿಸಿ ಓದಿ, ಬೆವರಿದರು. ಸರ್ವಸದಸ್ಯರ ಸಭೆಯ ಒಪ್ಪಿಗೆಯಿಲ್ಲದೆ ದಾಸ್ತಾನು ಸಾಗಿಸುವುದು ಕಳ್ಳತನಕ್ಕೆ ಸಮ. ಕೋರಂ ಇಲ್ಲದೆ ಸಭೆಯೇ ನಡೆಯದೆ ಹತ್ತೊಂಬತ್ತು ವರ್ಷವಾಗಿತ್ತು.

“ನಂಜಮ್ಮನೋರೇ, ತಾವು ಹೋಗೋ ಹಾಗಿಲ್ಲ.”

“ಅಂದ್ರೆ ನಾನೀಗ ಮನುಷ್ಯಳಲ್ವೇನಪ್ಪ?”

“ನಿವಾಸಿ ಅಲ್ಲ, ಅಮ್ಮಾ. ಪಂಜರದ ಬಿಡಿಭಾಗ.”

ನಂಜಮ್ಮ ಕೊಂಚ ಯೋಚಿಸಿದಳು. “ಬಿಡಿಭಾಗಕ್ಕೆ ಊಟ ಐತಾ?”

“ನಿರ್ವಹಣೆ ಅಂತ ಬರುತ್ತೆ.”

“ಹಂಗಾದ್ರೆ ಗಂಟು ಒಳಗಿಡು, ಕಲ್ಲಪ್ಪ.”

ಆ ಮಧ್ಯಾಹ್ನವೇ ಎದುರು ಕೋಣೆಯ ಕಾಶಮ್ಮ ಹಸಿಮೆಣಸಿನಕಾಯಿ ಹಿಡಿದು ಬಂದಳು. ಆಕೆಯ ಅವಧಿ ಆಷಾಢಕ್ಕೆ ಮುಗಿಯಲಿತ್ತು. “ನಂಜೀ, ನನ್ನೂ ಒಸಿ ಪರಿಚಯ ಮಾಡ್ಸೇ,” ಎಂದಳು. ಅವಳ ಹಿಂದೆ ಅನಂತಲಕ್ಷ್ಮಿ, ಅವಳ ಹಿಂದೆ ಉಳಿದವರು, ಕೈಯಲ್ಲಿ ಜೋಳದ ತೆನೆ, ಬಾಳೆಹಣ್ಣು. ನಂಜಮ್ಮ ಒಬ್ಬೊಬ್ಬರನ್ನೇ ಈಶನ ಮುಂದೆ ಕೂರಿಸಿದಳು. ಗಿಳಿ ಕಚ್ಚದಿದ್ದರೆ ಪರಿಚಯವಾಯಿತೆಂದು ಕಲ್ಲಪ್ಪ ಬರೆದುಕೊಂಡ. ಕಚ್ಚಿಸಿಕೊಂಡವರು ಮರುದಿನ ಇನ್ನೂ ದೊಡ್ಡ ಹಣ್ಣು ತಂದರು. ತಿಂಗಳೊಳಗೆ ಛತ್ರದಲ್ಲಿ ನಿವಾಸಿಗಳೇ ಉಳಿಯಲಿಲ್ಲ; ಎಲ್ಲವೂ ಸಾಮಾನು.

ವರ್ಷದ ಕೊನೆಗೆ ಲೆಕ್ಕ ತಪಾಸಣೆಗೆ ಹಾಲಯ್ಯನವರು ಬಂದರು. ಮುಂದಿನ ತಿಂಗಳು ನಿವೃತ್ತರಾಗಲಿದ್ದ, ಒಂದು ತಪ್ಪನ್ನೂ ಬಿಡದ ಮನುಷ್ಯ. ಸಾಮಾನುಗಳು ಜಗಲಿಯಲ್ಲಿ ಸಾಲಾಗಿ ಕೂತು ಬತ್ತಿ ಹೊಸೆಯುತ್ತಿದ್ದವು. ಅವರು ಬೆರಳಿಟ್ಟು ಎಣಿಸಿದರು.

“ಒಂದು ಕಮ್ಮಿ ಇದೆಯಲ್ರೀ?”

“ಮೀಯಕ್ಕೆ ಹೋಗೈತೆ, ಬತ್ತೈತೆ,” ಎಂದಳು ನಂಜಮ್ಮ.

ಕಾಶಮ್ಮ ಒದ್ದೆ ಸೀರೆಯಲ್ಲಿ ಬಂದು ಸಾಲಿನಲ್ಲಿ ಕೂತಳು. ಹಾಲಯ್ಯನವರು ಗುರುತು ಹಾಕಿ, “ದಾಸ್ತಾನು ಸರಿಯಿದೆ. ಗಿಳಿ ಹೊಸ ಪಂಜರಕ್ಕೆ ಹೊಂದಿಕೊಂಡಿದೆ,” ಎಂದು ಬರೆದು ರುಜು ಮಾಡಿದರು.

ಹೊರಡುವಾಗ ಮಾತ್ರ ಪಂಜರದ ಬಳಿ ಸ್ವಲ್ಪ ನಿಂತರು. ಆಚೀಚೆ ನೋಡಿ, ಜೇಬಿನಿಂದ ಒಂದು ಸೀಬೆಹಣ್ಣು ತೆಗೆದು, ಬಗ್ಗಿ, ಮೆಲ್ಲಗೆ ಹೇಳಿದರು:

“ಈಶಾ, ನಾನು ಹಾಲಯ್ಯ.”