ಸಬ್‌ಜೈಲಿನಲ್ಲಿ ಮನೆ ಬಾಡಿಗೆಗಿದೆ

"ಕಲ್ಲಿಗೆ ನೆನಪಿರುತ್ತೆ ಅತ್ತಿಗೆ! ನಮಗಿಂತ ಚೆನ್ನಾಗಿ ನೆನಪಿರುತ್ತೆ!" ಎಂದು ಗುರುಸಿದ್ದ ಯಂತ್ರದ ಮೇಲಿನ ಬೆಡ್‌ಶೀಟು ಸರಿಸಿದ.

ಚಂಪಕಮ್ಮ ಮೈದುನನ ಹೊಸ ಯಂತ್ರವನ್ನು ಒಂದು ಸುತ್ತು ಹಾಕಿ ನೋಡಿದರು. ಕೆಟ್ಟ ವೆಟ್ ಗ್ರೈಂಡರಿನ ಹೊಟ್ಟೆ, ಡಿಶ್ ಆಂಟೆನಾದ ತಲೆ, ಸೊಳ್ಳೆ ಬ್ಯಾಟಿನ ಎರಡು ಕೈ. ಹೆಸರು 'ಮೂಲರೂಪಿ'.

ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿ ನಿವೃತ್ತರಾದ ಚಂಪಕಮ್ಮ ಹರಾಜಿನಲ್ಲಿ ಊರಿನ ಹಳೇ ಸಬ್‌ಜೈಲನ್ನು ಕೊಂಡಿದ್ದರು. ಕಲ್ಲಿನ ಕಟ್ಟಡ, ದಪ್ಪ ಗೋಡೆ, ಬೇಸಿಗೆಯಲ್ಲೂ ತಂಪು. ಒಂದೊಂದು ಸೆಲ್ಲನ್ನು ಪಕ್ಕದ್ದಕ್ಕೆ ಜೋಡಿಸಿ ಪುಟ್ಟ ಪುಟ್ಟ ಮನೆ ಮಾಡಿದ್ದರು. ಪಾರಂಪರಿಕ ಕಟ್ಟಡವನ್ನು ಕೆಡವದೆ ವಾಸದ ಮನೆಯಾಗಿಸಿದವರಿಗೆ ತೆರಿಗೆ ರಿಯಾಯಿತಿ ಇತ್ತು. ಷರತ್ತು ಎರಡೇ. ಕಟ್ಟಡದ ಮೂಲ ರೂಪ ಉಳಿದಿರಬೇಕು. ತಪಾಸಣೆಯ ದಿನ ಮಾಲೀಕರಲ್ಲದೆ ಬೇರೆಯವರೂ ಅಲ್ಲಿ ವಾಸವಿರಬೇಕು. ರಿಯಾಯಿತಿ ಸಿಗದಿದ್ದರೆ ಕಟ್ಟಡವನ್ನು ಈರುಳ್ಳಿ ಗೋದಾಮಿಗೆ ಬಿಟ್ಟುಕೊಡುವುದೇ ಗತಿ.

ತೊಂದರೆ ಇದ್ದದ್ದು ಮೂಲ ರೂಪದ್ದೇ. ಹಿಂದಿನವರು ಕಂಬಿಗಳನ್ನು ಗುಜರಿಗೆ ಹಾಕಿ, ಗಾರೆಯ ಮೇಲೆ ಸಿಮೆಂಟು ಬಳಿದು, ಅದರ ಮೇಲೆ ಗುಲಾಬಿ ಬಣ್ಣ ಹೊಡೆದಿದ್ದರು. ತಪಾಸಣೆಯೋ ಅವತ್ತೇ.

"ಇದು ಗೋಡೆಯನ್ನ ಕೇಳುತ್ತೆ. ಮೊದಲು ಹೇಗಿದ್ದೆ ಅಂತ. ಗೋಡೆ ಹೇಳುತ್ತೆ. ಬೇಕಾದ ಸುಣ್ಣ, ಕಬ್ಬಿಣ ಎಲ್ಲ ಮಣ್ಣಿಂದ, ಗಾಳಿಯಿಂದ ಎಳ್ಕೊಂಡು ಹಾಗೇ ಮಾಡಿಕೊಡುತ್ತೆ!"

"ನಿಲ್ಲಿಸೋ ಗುಂಡಿ ಎಲ್ಲಿದೆ?"

"ನಿಲ್ಲಿಸೋದ್ಯಾಕೆ? ಮೂಲ ರೂಪ ಬಂದ ಮೇಲೆ ತಾನೇ ನಿಲ್ಲುತ್ತೆ."

ಗುಂಡಿ ಒತ್ತಿದ. ಗುಲಾಬಿ ಬಣ್ಣ ಹಪ್ಪಳದ ಹಾಗೆ ಉದುರಿತು. ಬೆಲ್ಲದ ವಾಸನೆಯ ಗಾರೆ ಗೋಡೆಯಿಂದ ಬೆವರಿನಂತೆ ಜಿನುಗಿ ನುಣ್ಣಗೆ ಹರಡಿಕೊಂಡಿತು. ಕಿಟಕಿಗಳಲ್ಲಿ ಕಬ್ಬಿಣದ ಕಂಬಿಗಳು ಮೊಳಕೆಯೊಡೆದು ಮೇಲಿನ ಚೌಕಟ್ಟು ಮುಟ್ಟಿದವು. ಚಂಪಕಮ್ಮನ ಕಣ್ಣು ತುಂಬಿ ಬಂತು. ಈ ಮೈದುನ ಹಿಂದೆ ಮಾಡಿದ ಯಾವ ಯಂತ್ರವೂ ಅವರಿಗೆ ಆನಂದಬಾಷ್ಪ ತರಿಸಿರಲಿಲ್ಲ. ಬರೀ ಹೊಗೆಗೆ ಕಣ್ಣೀರು ಬಂದದ್ದುಂಟು.

ಮಧ್ಯಾಹ್ನದ ಹೊತ್ತಿಗೆ ಅಡುಗೆಕಟ್ಟೆ ಇದ್ದ ಜಾಗದಲ್ಲಿ ರಾಗಿ ಬೀಸುವ ಕಲ್ಲು ಕುಳಿತಿತ್ತು. ಬಚ್ಚಲಿನ ಕಮೋಡು, ಚಂಪಕಮ್ಮ ನೋಡನೋಡುತ್ತಿದ್ದಂತೆ, ನಿಧಾನವಾಗಿ ಕುಗ್ಗಿ ಮಣ್ಣಿನ ಮಡಕೆಯಾಯಿತು.

"ಗುರುಸಿದ್ದಾ! ಬಾಗಿಲಿನ ಚಿಲಕ ಹೊರಗಡೆ ಹೋಗಿದೆ!"

"ಜೈಲಲ್ಲಿ ಚಿಲಕ ಒಳಗಿರುತ್ತಾ ಅತ್ತಿಗೆ?"

"ಬಾಡಿಗೆಗೆ ಬರೋರಿಗೆ ಏನು ಹೇಳ್ಲಿ?"

"ಕಳ್ಳರ ಭಯ ಇಲ್ಲ ಅನ್ನಿ!"

ಬಾಡಿಗೆಗೆ ಮಾತಾಡಿದ್ದ ಟೈಲರ್ ಮಂಜಪ್ಪ, ಅವನ ಹೆಂಡತಿ ಲಲಿತ ಅಷ್ಟರಲ್ಲೇ ಹೊಲಿಗೆ ಯಂತ್ರ, ಪಾತ್ರೆ ಪಗಡೆ ಸಮೇತ ಆಟೋದಲ್ಲಿ ಬಂದಿಳಿದರು. ಅಂಗಳದಲ್ಲಿ ಕಾಲಿಟ್ಟರೋ ಇಲ್ಲವೋ, ಎಲ್ಲೂ ಇಲ್ಲದ ಗಂಟೆಯೊಂದು ಢಣ್ ಎಂದಿತು. ಗೋಡೆ ಒರಟಾದ ಗಂಡಸಿನ ದನಿಯಲ್ಲಿ ಗದರಿತು.

"ಸಾಲಾಗಿ ನಿಲ್ರೋ!"

ಇಬ್ಬರೂ ಸಾಲಾಗಿ ನಿಂತರು. ಆಟೋದವನೂ ನಿಂತ. ದನಿ ಅಡಗಿದೊಡನೆ ಮೂವರೂ ಅದೇ ಸಾಲಿನಲ್ಲಿ ಹೊರಗೆ ಓಡಿದರು. ಹೊಲಿಗೆ ಯಂತ್ರ ಅಂಗಳದಲ್ಲೇ ಉಳಿಯಿತು.

"ಗೋಡೆ ಮಾತಾಡುತ್ತೆ ಅಂತ ನೀನು ಹೇಳ್ಲೇ ಇಲ್ಲ!"

"ಗೋಡೆ ಹೇಳುತ್ತೆ ಅಂತ ಬೆಳಿಗ್ಗೆನೇ ಹೇಳಿದ್ನಲ್ಲ!"

ಈ ಜಗಳ ನಡೆದಿರುವಾಗಲೇ ತಪಾಸಣೆ ಅಧಿಕಾರಿ ಫಾಲಾಕ್ಷಯ್ಯನವರು ಬಂದರು. ಕಪ್ಪು ಸಫಾರಿ, ನಿದ್ದೆಗೆಟ್ಟು ಕೆಂಪಡರಿದ ಕಣ್ಣು, ಒಂದೇ ಸಮನೆ ಹೊಡೆದುಕೊಳ್ಳುವ ಫೋನು. ಹೆಬ್ಬೆರಳಿನ ಉಗುರಿನಿಂದ ಗೋಡೆ ಕೆರೆದು ಸುಳ್ಳು ಗಾರೆಯನ್ನು ಪತ್ತೆ ಹಚ್ಚುವವರೆಂದು ಹೆಸರಾದವರು. ಗೋಡೆ ಕೆರೆದರು. ಉಗುರು ಮುರಿಯಿತು.

"ಅಸಲಿ," ಎಂದರು. "ಯಾರು ವಾಸ ಇದ್ದಾರೆ?"

"ಬಂದಿದ್ರು ಸಾರ್. ಈಗ ತಾನೇ ಓಡಿಹೋದ್ರು," ಎಂದರು ಚಂಪಕಮ್ಮ. ಸುಳ್ಳು ಅವರ ಬಾಯಲ್ಲಿ ಬರುತ್ತಿರಲಿಲ್ಲ.

"ಹಾಗಾದ್ರೆ ರಿಯಾಯಿತಿ ಇಲ್ಲಮ್ಮ."

ಹಾಗೆನ್ನುತ್ತಲೇ ಅವರು ಒಂದು ಸೆಲ್ಲಿನೊಳಗೆ ಇಣುಕಿದರು. ಬಾಗಿಲು ಧಡಾರನೆ ಮುಚ್ಚಿ ಚಿಲಕ ತಾನೇ ಬಿತ್ತು. ಮೇಲಿನ ಕಂಬಿಗಳ ಸಂದಿಯಿಂದ ಸುಣ್ಣದ ಪುಡಿ ಸುರಿದು, ಕಪ್ಪು ಸಫಾರಿಯ ಮೇಲೆ ಬಿಳಿ ಪಟ್ಟೆ ಪಟ್ಟೆಯಾಗಿ ಕೂತಿತು.

"ಹೊಸ ಕೈದಿ! ಹೆಸರು?" ಎಂದಿತು ಗೋಡೆ.

"ಎಸ್. ಕೆ. ಫಾಲಾಕ್ಷಯ್ಯ," ಎಂದರು ಅವರು, ಸರ್ಕಾರಿ ಅಭ್ಯಾಸದಂತೆ.

"ಏನು ಮಾಡಿದೆ?"

"ನಾನು ತೆರಿಗೆ ಇಲಾಖೆಯವನು!"

"ತಪ್ಪು ಒಪ್ಪಿಕೊಂಡಿದ್ದಾನೆ. ಮುಂದಿನ ಆದೇಶದವರೆಗೆ ಒಳಗಿರಲಿ."

ಗುರುಸಿದ್ದ ಓಡಿಹೋಗಿ ಪ್ಲಗ್ಗು ಕಿತ್ತ. ಏನೂ ಆಗಲಿಲ್ಲ. ಯಂತ್ರ ಆಗಲೇ ಕೆಲಸ ಮುಗಿಸಿ ತಣ್ಣಗಾಗಿತ್ತು. ಚಿಲಕ ಎಳೆದ, ಒದ್ದ, ಕಾಲು ಹಿಡಿದುಕೊಂಡು ಕುಂಟಿದ. ಬೀಗದ ರಿಪೇರಿಯವನನ್ನು ಕರೆಸಿದರೆ, ಗೋಡೆ ಅವನ ಹೆಸರನ್ನೂ ಕೇಳಿತು. ಅವನು ಹೆಸರು ಹೇಳದೆ ಹೋದ.

ಸೆಲ್ಲಿನೊಳಗಿನ ಕೂಗಾಟ ಸ್ವಲ್ಪ ಹೊತ್ತಿಗೆ ನಿಂತಿತು. ಚಂಪಕಮ್ಮ ಗಾಬರಿಯಿಂದ ಓಡಿಬಂದರು. ಕಂಬಿಯಲ್ಲಿ ಇಣುಕಿದರೆ, ಫಾಲಾಕ್ಷಯ್ಯನವರು ತಂಪು ನೆಲದ ಮೇಲೆ ಮಲಗಿ ಗೊರಕೆ ಹೊಡೆಯುತ್ತಿದ್ದರು. ದಪ್ಪ ಗೋಡೆಯೊಳಗೆ ಫೋನಿಗೆ ಸಿಗ್ನಲ್ ಇರಲಿಲ್ಲ.

"ಅತ್ತಿಗೆ," ಗುರುಸಿದ್ದ ಪಿಸುಗುಟ್ಟಿದ, "ಎಚ್ಚರ ಆದ್ಮೇಲೆ ಹೇಳೋಣ. ರಿಯಾಯಿತಿ ಕೊಟ್ರೆ ಬಾಗಿಲು ತೆಗೀತೀವಿ ಅಂತ!"

"ಬಾಯ್ಮುಚ್ಚು! ಕಟ್ಟಡ ಹೋದ್ರೆ ಹೋಗ್ಲಿ. ಒಬ್ಬ ಮನುಷ್ಯನ್ನ ಕೂಡಿಹಾಕಿ ಮನೆ ಉಳಿಸ್ಕೊಳ್ಳೋ ದರಿದ್ರ ನನಗೆ ಬಂದಿಲ್ಲ!"

ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ ಗೋಡೆಯೆದುರು ನಿಂತರು. ಹಾಸ್ಟೆಲಿನ ಮೂರನೇ ಮಹಡಿಯ ಕೊನೇ ಕೋಣೆಗೂ ಕೇಳುತ್ತಿದ್ದ ದನಿ ಹೊರಟಿತು.

"ಏಯ್! ಬಾಗಿಲು ತೆಗಿ!"

"ಯಾರದು?" ಎಂದಿತು ಗೋಡೆ.

"ವಾರ್ಡನ್!"

ಗೋಡೆ ತುಸು ಯೋಚಿಸಿತು. ಆಮೇಲೆ ದನಿ ತಗ್ಗಿಸಿ "ಅಪ್ಪಣೆ ತಾಯಿ," ಎಂದಿತು. ಚಿಲಕ ಸರಿಯಿತು. ಚಂಪಕಮ್ಮ ಅಲ್ಲಿಗೇ ಬಿಡಲಿಲ್ಲ.

"ಚಿಲಕ ಎಲ್ಲ ಒಳಗಡೆ ಬರಬೇಕು! ಅಡುಗೆಕಟ್ಟೆ ಎಲ್ಲಿತ್ತೋ ಅಲ್ಲಿರಬೇಕು! ಕಮೋಡು ಈಗಿಂದೀಗ್ಲೇ ವಾಪಸ್!"

ಮಡಕೆ ಬೆಳ್ಳಗಾಗುತ್ತ ಊದಿಕೊಂಡಿತು.

ಫಾಲಾಕ್ಷಯ್ಯ ಕಣ್ಣುಜ್ಜಿಕೊಂಡು ಹೊರಬಂದರು. ಚಂಪಕಮ್ಮ ಕೈಮುಗಿದು ಕ್ಷಮೆ ಕೇಳಿದರು. ಅಧಿಕಾರಿ ಸುಣ್ಣ ಕೊಡವಿಕೊಂಡು, ಗಾರೆ, ಕಂಬಿ, ಕಮೋಡು ಎಲ್ಲವನ್ನೂ ಮತ್ತೊಮ್ಮೆ ನೋಡಿದರು.

"ಮೂಲ ರೂಪ ಇದೆ. ಮನೆಗೆ ಬೇಕಾದ ಅನುಕೂಲನೂ ಇದೆ. ಇನ್ನು ವಾಸ." ಗಂಟಲು ಸರಿಮಾಡಿಕೊಂಡರು. "ತಪಾಸಣೆಯ ದಿನ ಮಾಲೀಕರಲ್ಲದ ಒಬ್ಬ ವ್ಯಕ್ತಿ ಈ ಸ್ಥಳದಲ್ಲಿ ಮಲಗಿ ಎದ್ದದ್ದು ನನಗೆ ಖುದ್ದಾಗಿ ಗೊತ್ತು."

ರಿಯಾಯಿತಿ ಸಿಕ್ಕಿತು. ಚಂಪಕಮ್ಮ ಕರೆದು ಧೈರ್ಯ ಹೇಳಿದ ಮೇಲೆ ಟೈಲರ್ ದಂಪತಿ ಬಂದರು, ಹಿಂದೆಯೇ ಉಳಿದ ಮನೆಗಳೂ ತುಂಬಿದವು. ಬೆಳಿಗ್ಗೆ ಹಾಜರಿ ಕರೆಯುವ ಚಾಳಿಯನ್ನು ಮಾತ್ರ ಗೋಡೆ ಬಿಟ್ಟಿಲ್ಲ. ಎಲ್ಲರೂ ಹಲ್ಲುಜ್ಜುತ್ತಲೇ 'ಇದೀನಿ' ಎನ್ನುತ್ತಾರೆ.

ಫಾಲಾಕ್ಷಯ್ಯನವರು ಆಗಾಗ ರಜೆ ಹಾಕಿ, ಬಾಡಿಗೆ ಕೊಟ್ಟು, ಅದೇ ಸೆಲ್ಲಿನಲ್ಲಿ ಎರಡು ದಿನ ಮಲಗಿ ಹೋಗುತ್ತಾರೆ. ಎಲ್ಲಿಗೆ ಹೋಗಿದ್ರಿ ಸಾರ್ ಎಂದು ಆಫೀಸಿನಲ್ಲಿ ಕೇಳಿದರೆ "ಒಳಗಿದ್ದೆ" ಎನ್ನುತ್ತಾರಂತೆ. ಅವರ ಇಲಾಖೆಯಲ್ಲಿ ಈ ಉತ್ತರ ಬಂದ ಮೇಲೆ ಯಾರೂ ಮುಂದಿನ ಪ್ರಶ್ನೆ ಕೇಳುವುದಿಲ್ಲ.